ಉಪ್ಪು ತಡೆಯುವ ಹೊಸ ಭತ್ತ ಬಂದಿದೆಯಂತೆ, ಕಗ್ಗ ಬಿಡಬಹುದೇ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಅಳಿವೆಯ ದಂಡೆ. ಅಪ್ಪ ಈಗಲೂ ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ತಾಗುವ ತಗ್ಗು ಗದ್ದೆಯಲ್ಲಿ, ಉಪ್ಪು ತಾಳುವ ನಾಟಿ ತಳಿಯಾದ ಕಗ್ಗ ಭತ್ತ ಹಾಕುತ್ತಾರೆ. ಜೀನ್ ತಿದ್ದಿ ಉಪ್ಪು ತಡೆಯುವ ಭತ್ತ ಮಾಡಿದ್ದಾರೆ, ಕರಾವಳಿಯ ಉಪ್ಪು ಮಣ್ಣಿನಲ್ಲಿ ಶೇ 30ರಷ್ಟು ಹೆಚ್ಚು ಇಳುವರಿ ಎಂದು ಓದಿದೆ. ಕಗ್ಗ ಬಿಟ್ಟು ಅದನ್ನು ಹಾಕಬಹುದೇ? ಅದೂ ಬಿಟಿ ಹತ್ತಿಯಂಥದ್ದೇ? ಶಿರಸಿಯಲ್ಲಿರುವ ನಮ್ಮ ಭಾವ, ‘ಮನುಷ್ಯರ ಕಾಯಿಲೆಯನ್ನೇ ಜೀನ್ ತಿದ್ದಿ ವಾಸಿ ಮಾಡುತ್ತಾರೆ, ಅಡಿಕೆಯ ಎಲೆಚುಕ್ಕಿಗೆ ಯಾಕಾಗದು?’ ಎನ್ನುತ್ತಾರೆ. ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೊದಲು ನಿಮ್ಮ ಅಪ್ಪನಿಗೆ ಬೇಕಾದ ಮಾತು: ಕಗ್ಗ ಬಿಡಬೇಡಿ. ಹೊಸ ಭತ್ತ ಸುಳ್ಳು ಅಂತಲ್ಲ. ಅದು ನಿಮ್ಮ ಗಜನಿಗೆ ಅಂತ ಮಾಡಿದ್ದಲ್ಲ.

ನೀವು ಓದಿದ್ದು 2025ರ ಮೇ ತಿಂಗಳ ಸುದ್ದಿ. ಕೇಂದ್ರ ಕೃಷಿ ಸಚಿವರು ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ದೆಹಲಿಯಲ್ಲಿ ಘೋಷಿಸಿದರು. ಒಂದು ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ‘ಡಿಆರ್‌ಆರ್ ಧಾನ್ 100’, ಕರೆಯುವ ಹೆಸರು ಕಮಲಾ. ಸಾಂಬಾ ಮಸೂರಿಯನ್ನು ತಿದ್ದಿ ಮಾಡಿದ್ದು. ಇನ್ನೊಂದು ದೆಹಲಿಯ ಪೂಸಾ ಸಂಸ್ಥೆಯ ‘ಪೂಸಾ ಡಿಎಸ್‌ಟಿ ರೈಸ್ 1’. ಆಂಧ್ರದ ಎಂಟಿಯು 1010 ತಳಿಯನ್ನು ತಿದ್ದಿ ಮಾಡಿದ್ದು. ಉಪ್ಪಿನ ಮಾತು ಬಂದದ್ದು ಈ ಎರಡನೆಯದರ ಬಗ್ಗೆ.

ಡಿಎಸ್‌ಟಿ ಎಂಬುದು ಎಲ್ಲ ಭತ್ತದಲ್ಲೂ ಇರುವ ಒಂದು ಜೀನ್. 2009ರಲ್ಲಿ ಚೀನಾದ ವಿಜ್ಞಾನಿಗಳು ಅದರ ಕೆಲಸವನ್ನು ವಿವರಿಸಿದರು. ಎಲೆಯ ಮೇಲೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವಲ್ಲ, ಗಿಡ ಉಸಿರಾಡುವುದೂ ನೀರು ಬಿಡುವುದೂ ಅವುಗಳ ಮೂಲಕವೇ. ಡಿಎಸ್‌ಟಿ ಈ ರಂಧ್ರಗಳನ್ನು ತೆರೆದಿಡುವ ಕಡೆಗೆ ಎಳೆಯುತ್ತದೆ. ಅದನ್ನು ಕೆಡಿಸಿದರೆ ಎಲೆಯಲ್ಲಿ ರಂಧ್ರಗಳ ಸಂಖ್ಯೆ ಕಡಿಮೆಯಾಗುತ್ತದೆ, ಇರುವವೂ ಬೇಗ ಮುಚ್ಚಿಕೊಳ್ಳುತ್ತವೆ. ಎಲೆಯಿಂದ ನೀರು ಕಡಿಮೆ ಹೋದರೆ ಬೇರು ಮೇಲಕ್ಕೆಳೆಯುವ ನೀರೂ ಕಡಿಮೆ, ಆ ನೀರಿನ ಜೊತೆ ಬರುವ ಉಪ್ಪೂ ಕಡಿಮೆ. ಬರಕ್ಕೂ ಉಪ್ಪಿಗೂ ಒಂದೇ ಉಪಾಯ.

‘ತಿದ್ದಿದರು’ ಎಂದು ಓದಿದಾಗ ಏನೋ ಹೊಸ ಶಕ್ತಿ ತುಂಬಿದರು ಅನ್ನಿಸುತ್ತದೆ. ಆಗಿರುವುದು ಇದ್ದ ಒಂದು ಜೀನನ್ನು ಕೆಲಸಕ್ಕೆ ಬಾರದಂತೆ ಮಾಡಿದ್ದು. ಕಮಲಾ ಭತ್ತದಲ್ಲೂ ಹಾಗೆಯೇ: ತೆನೆಯಲ್ಲಿ ಕಾಳಿನ ಸಂಖ್ಯೆ ಹೆಚ್ಚಿಸುವ ಸೈಟೊಕೈನಿನ್ ಎಂಬ ಹಾರ್ಮೋನನ್ನು ಒಡೆದು ಹಾಕುವ ಜೀನೊಂದಿದೆ, ಅದನ್ನು ನಿಲ್ಲಿಸಿದರು. ಹಾರ್ಮೋನು ಉಳಿಯಿತು, ಕಾಳು ಹೆಚ್ಚಿತು. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪೆಂಟಿಯರ್ ತೋರಿಸಿಕೊಟ್ಟ, 2020ರಲ್ಲಿ ಅವರಿಗೆ ನೊಬೆಲ್ ತಂದ ಕ್ರಿಸ್ಪರ್ ವಿಧಾನ ಇದರಲ್ಲಿ ಬಲು ಗಟ್ಟಿ. ಗೊತ್ತಿರುವ ಒಂದು ಜೀನನ್ನು, ಬೇಕಾದ ಜಾಗದಲ್ಲಿ ಕತ್ತರಿಸಿ ನಿಲ್ಲಿಸುವುದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಭಾವನ ಪ್ರಶ್ನೆಗೂ ಬೇಕಾಗುತ್ತದೆ.

ಈಗ ಆ ಶೇ 30. ಸರ್ಕಾರ ಕೊಟ್ಟ ಅಂಕಿ ಕರಾವಳಿಯ ಉಪ್ಪು ಮಣ್ಣಿಗೆ ಶೇ 30.36, ಒಳನಾಡಿನ ಉಪ್ಪು ಮಣ್ಣಿಗೆ ಶೇ 9.66, ಕ್ಷಾರ ಮಣ್ಣಿಗೆ ಶೇ 14.66. ಇವುಗಳ ಹಿಂದಿನ ಪ್ರಯೋಗದ ಲೆಕ್ಕವನ್ನು ಪ್ರಶ್ನಿಸಿದವರಿದ್ದಾರೆ, ಕೃಷಿ ಸಂಶೋಧನಾ ಪರಿಷತ್ತು ಆ ಆಕ್ಷೇಪವನ್ನು ತಳ್ಳಿಹಾಕಿದೆ. ಆ ಜಗಳ ಪಕ್ಕಕ್ಕಿರಲಿ, ಅಂಕಿಯನ್ನು ಪೂರ್ತಿ ಒಪ್ಪಿಕೊಂಡೇ ಕೇಳೋಣ: ಯಾವುದಕ್ಕಿಂತ ಶೇ 30 ಹೆಚ್ಚು? ಅದರ ತಾಯಿ ತಳಿ ಎಂಟಿಯು 1010ಕ್ಕಿಂತ. ಅದು ಉಪ್ಪು ತಾಳುವ ತಳಿಯೇ ಅಲ್ಲ. ಲೆಕ್ಕಕ್ಕೆ ಹೇಳುತ್ತೇನೆ: ಒಳ್ಳೆಯ ಗದ್ದೆಯಲ್ಲಿ ಎಕರೆಗೆ 20 ಕ್ವಿಂಟಲ್ ಕೊಡುವ ತಳಿ ಉಪ್ಪು ಗದ್ದೆಯಲ್ಲಿ 6ಕ್ಕೆ ಬಿತ್ತು ಅಂದುಕೊಳ್ಳಿ. ಶೇ 30 ಹೆಚ್ಚಾದರೆ ಸುಮಾರು 8. ಹೆಚ್ಚಳ ನಿಜ, ಹಾಗಂತ ಕಗ್ಗವನ್ನು ಮೀರಿಸಿತು ಎಂದಾಗಲಿಲ್ಲ. ಆ ಶೇ 30ರಲ್ಲಿ ಕಗ್ಗದ ಮಾತೇ ಇಲ್ಲ. ಹೊಸ ತಳಿಯ ಬಗ್ಗೆ ಯಾರು ಏನೇ ಶೇಕಡಾ ಹೇಳಲಿ, ‘ಯಾವುದಕ್ಕಿಂತ?’ ಎಂದು ಕೇಳಿಬಿಡಿ.

ಇನ್ನು ನಿಮ್ಮ ಗದ್ದೆಗೆ ಇಳಿಯೋಣ. ಮಣ್ಣಿನ ಉಪ್ಪನ್ನು ಅಳೆಯುವ ಮಾನವೊಂದಿದೆ, ಡೆಸಿಸೀಮೆನ್ಸ್ ಎನ್ನುತ್ತಾರೆ. ಮಾಮೂಲಿ ಭತ್ತಕ್ಕೆ 3 ದಾಟಿದರೆ ಇಳುವರಿ ಇಳಿಯತೊಡಗುತ್ತದೆ. ಸಮುದ್ರದ ನೀರು 50ರ ಹತ್ತಿರ. ಗಜನಿಯಲ್ಲಿ ಭತ್ತ ಬೆಳೆಯುವುದು ಸಾಧ್ಯವಾಗಿರುವುದೇ ಮಳೆಯಿಂದ. ಜೂನ್ ಜುಲೈನ ಮಳೆ, ಜೊತೆಗೆ ಹೊಳೆಯ ನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಕಟ್ಟೆಯ ಬಾಗಿಲು ಉಬ್ಬರದ ನೀರನ್ನು ಹೊರಗೆ ತಡೆಯುತ್ತದೆ. ಮಳೆ ಎಂಟು ದಿನ ಕೈಕೊಟ್ಟರೆ ಉಪ್ಪು ಮೇಲೇರುತ್ತದೆ. ಕಟ್ಟೆ ಒಡೆದರೆ ಒಂದೇ ಭರತಿಗೆ ಗದ್ದೆ ತುಂಬುತ್ತದೆ. ನೆರೆ ಬಂದರೆ ಸಿಹಿನೀರೇ ಆಳೆತ್ತರ ನಿಂತು ಪೈರು ಮುಳುಗುತ್ತದೆ. ಅಂದರೆ ಒಂದೇ ಬೆಳೆ, ಒಂದೇ ಮಳೆಗಾಲದಲ್ಲಿ, ಒಮ್ಮೆ ಉಪ್ಪಿಗೂ ಒಮ್ಮೆ ಮುಳುಗುವುದಕ್ಕೂ ತಯಾರಿರಬೇಕು.

ಕಗ್ಗವನ್ನು ಹತ್ತಿರದಿಂದ ನೋಡಿ. ಉದ್ದನೆಯ ಗಿಡ. ನೀರೇರಿದರೂ ತುದಿ ಮೇಲಿರುತ್ತದೆ, ಕೆಲವು ದಿನ ಪೂರ್ತಿ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಕಾಳಿಗೆ ಮೀಸೆ ಇದೆ, ಹಕ್ಕಿಗೆ ಸುಲಭದ ತುತ್ತಲ್ಲ. ಗೊಬ್ಬರ ಕೇಳುವುದಿಲ್ಲ. ತೆನೆ ಕೊಯ್ದ ಮೇಲೆ ಉಳಿದ ಹುಲ್ಲು ಅಲ್ಲೇ ಕೊಳೆತು ಮೀನಿಗೂ ಶೆಟ್ಲಿಗೂ (ಸಿಗಡಿ) ಮೇವಾಗುತ್ತದೆ. ಕೆಂಪಕ್ಕಿ. ಬಿಳಿ ಕಗ್ಗ, ಕರಿ ಕಗ್ಗ ಎಂದು ಅದರಲ್ಲೂ ಬಗೆಗಳಿವೆ. ಎಂಟಿಯು 1010 ಗಿಡ್ಡ ತಳಿ, ಗೊಬ್ಬರ ಹಾಕಿದರೂ ಬೀಳಬಾರದು ಎಂದೇ ಗಿಡ್ಡ ಮಾಡಿದ್ದು. ಅದರ ಒಂದು ಜೀನ್ ತಿದ್ದಿದರೆ ಉಪ್ಪು ಸ್ವಲ್ಪ ಹೆಚ್ಚು ತಾಳೀತು, ಎತ್ತರ ಬರುವುದಿಲ್ಲ. ನಿಮ್ಮ ಗಜನಿಯಲ್ಲಿ ಉಪ್ಪಿಗೆ ಸಾಯದೆ ನೆರೆಗೆ ಸತ್ತರೆ ಅಪ್ಪನಿಗೇನು ಸಿಕ್ಕಿತು?

ಉಪ್ಪು ತಾಳುವುದು ಕೂಡ ಒಂದು ಜೀನಿನ ಕೆಲಸವಲ್ಲ. ಕೇರಳದ ಪೊಕ್ಕಾಳಿ ಭತ್ತ ನಿಮ್ಮ ಕಗ್ಗದಂತೆಯೇ ಹಿನ್ನೀರಿನ ಬೆಳೆ. ಅದರ ಒಂದನೇ ವರ್ಣತಂತುವಿನಲ್ಲಿ ‘ಸಾಲ್ಟೋಲ್’ ಎಂಬ ಭಾಗವಿದೆ, ಸಸಿಯ ಹಂತದಲ್ಲಿ ಉಪ್ಪಿನಿಂದ ಕಾಪಾಡುತ್ತದೆ. ಬಂಗಾಳದ ನೋನಾ ಬೋಕ್ರಾ ಎಂಬ ನಾಟಿ ತಳಿಯಿಂದ 2005ರಲ್ಲಿ ಎಸ್‌ಕೆಸಿ1 ಎಂಬ ಜೀನ್ ಗುರುತಿಸಿದರು. ಬೇರಿನಿಂದ ಮೇಲಕ್ಕೆ ಹೊರಟ ನೀರಿನಿಂದ ಸೋಡಿಯಂ ಅನ್ನು ದಾರಿಯಲ್ಲೇ ಹಿಂದಕ್ಕೆ ಸೆಳೆದು ಎಲೆಗೆ ತಲುಪದಂತೆ ಮಾಡುವುದು ಅದರ ಕೆಲಸ. ಇವೆಲ್ಲ ಕೆಡಿಸಿ ಪಡೆದ ಗುಣಗಳಲ್ಲ, ಆ ತಳಿಗಳಲ್ಲಿ ಇರುವ, ಚೆನ್ನಾಗಿ ಕೆಲಸ ಮಾಡುವ ಜೀನ್‌ಗಳು. ಹೂ ಬಿಡುವ ಹಂತದ ಉಪ್ಪಿಗೆ ಬೇರೆ ಜೀನ್‌ಗಳ ಗುಂಪೇ ಬೇಕು. ಸಸಿಯಲ್ಲಿ ಬದುಕಿದ ಭತ್ತ ಹೂ ಬಿಟ್ಟಾಗ ಉಪ್ಪು ಬಡಿದು ಜಳ್ಳಾಗುವುದನ್ನು ಅಪ್ಪ ನೋಡಿರುತ್ತಾರೆ.

ಹಾಗಾಗಿ ಕರಾವಳಿಗೆ ನನ್ನ ಆಸೆ ಇರುವುದು ಕ್ರಿಸ್ಪರ್ ಮೇಲಲ್ಲ, ಅದರಷ್ಟು ಸುದ್ದಿಯಾಗದ ಇನ್ನೊಂದು ವಿಧಾನದ ಮೇಲೆ. ಒಡಿಶಾದ ನಾಟಿ ಭತ್ತದಿಂದ ಆಯ್ದ ಎಫ್‌ಆರ್ 13ಎ ಎಂಬ ತಳಿ ನೀರಿನಡಿ ಹೆಚ್ಚುಕಡಿಮೆ ಎರಡು ವಾರ ಬದುಕುತ್ತದೆ. ಅದಕ್ಕೆ ಕಾರಣವಾದ ‘ಸಬ್1ಎ’ ಜೀನ್ 2006ರಲ್ಲಿ ಸಿಕ್ಕಿತು. ಮುಳುಗಿದ ಗಿಡ ಮೇಲೇಳಲು ಒದ್ದಾಡದೆ ಬೆಳವಣಿಗೆ ನಿಲ್ಲಿಸಿ, ಸಕ್ಕರೆ ಉಳಿಸಿಕೊಂಡು, ನೀರಿಳಿದ ಮೇಲೆ ಚಿಗುರುವಂತೆ ಅದು ಮಾಡುತ್ತದೆ. ಸ್ವರ್ಣಾ ಭತ್ತದ ಜೊತೆ ಹೂವಿನಿಂದ ಹೂವಿಗೆ ಅಡ್ಡ ತಳಿ ಮಾಡಿ, ಪ್ರತಿ ಪೀಳಿಗೆಯಲ್ಲೂ ಸಸಿಯ ಎಲೆಚೂರಿನ ಡಿಎನ್‌ಎ ಪರೀಕ್ಷಿಸಿ, ಆ ಜೀನ್ ಬಂದ ಸಸಿ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕಿತ್ತರು. 2009ರಲ್ಲಿ ಸ್ವರ್ಣಾ-ಸಬ್1 ರೈತರ ಕೈಗೆ ಬಂತು. ಹೊರಗಿನ ಜೀನಿಲ್ಲ, ಕತ್ತರಿ ಇಲ್ಲ. ಕಗ್ಗದ ಉಪ್ಪಿನ ಗುಣ, ಮುಳುಗಿ ಬದುಕುವ ಗುಣ ಎರಡನ್ನೂ ಈ ದಾರಿಯಲ್ಲಿ ಹುಡುಕಿ ಸ್ವಲ್ಪ ಹೆಚ್ಚು ಇಳುವರಿಯ ಕಗ್ಗ ಮಾಡಬಹುದು. ಅದಕ್ಕೆ ಮೂಲ ಕಗ್ಗ ಗದ್ದೆಯಲ್ಲಿ ಇರಬೇಕು, ಅಷ್ಟೇ.

ಬಿಟಿ ಪ್ರಶ್ನೆ. 2002ರಲ್ಲಿ ನಮ್ಮಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿ ಬ್ಯಾಕ್ಟೀರಿಯಾದ ಜೀನ್ ಇದೆ, ಹುಳುವಿಗೆ ವಿಷವಾಗುವ ಪ್ರೋಟೀನನ್ನು ಅದು ಗಿಡದಲ್ಲೇ ಮಾಡಿಸುತ್ತದೆ. ಡಿಎಸ್‌ಟಿ ಭತ್ತದಲ್ಲಿ ಹಾಗೆ ಯಾವುದೂ ಉಳಿದಿಲ್ಲ. ತಿದ್ದುವಾಗ ಕತ್ತರಿಯ ಜೀನನ್ನು ಒಳಗೆ ಬಿಟ್ಟಿರುತ್ತಾರೆ, ಆಮೇಲೆ ಗಿಡವನ್ನು ಸ್ವಪರಾಗದಿಂದ ಬೆಳೆಸಿ, ತಿದ್ದುಪಡಿ ಉಳಿದು ಕತ್ತರಿ ಕಳೆದುಹೋದ ಸಸಿಗಳನ್ನು ಆರಿಸುತ್ತಾರೆ. ಇದೇ ಕಾರಣಕ್ಕೆ 2022ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ತಿದ್ದುಪಡಿಗಳನ್ನು ಕುಲಾಂತರಿ ಬೆಳೆಗಳ ಬಿಗಿ ನಿಯಮಗಳಿಂದ ಹೊರಗಿಟ್ಟಿತು. ಬಿಟಿ ಬದನೆ 2010ರಲ್ಲಿ ನಿಂತಲ್ಲೇ ನಿಂತಿದೆ, ಕುಲಾಂತರಿ ಸಾಸಿವೆಯ ಮೇಲೆ 2024ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೊಸ ಭತ್ತ ಆ ದಾರಿಯಲ್ಲಿ ಹೋಗಲೇ ಇಲ್ಲ. ವಿಜ್ಞಾನದ ದೃಷ್ಟಿಯಿಂದ ಈ ವ್ಯತ್ಯಾಸ ಸರಿ ಎಂದೇ ನನ್ನ ಅಭಿಪ್ರಾಯ. ನನಗೆ ಕಿರಿಕಿರಿ ಇರುವುದು ಬೇರೆ ಕಡೆ: ಕ್ರಿಸ್ಪರ್ ವಿಧಾನದ ಪೇಟೆಂಟುಗಳು ವಿದೇಶಿ ಸಂಸ್ಥೆ, ಕಂಪನಿಗಳ ಕೈಯಲ್ಲಿವೆ. ಸರ್ಕಾರಿ ದುಡ್ಡಿನಲ್ಲಿ ಮಾಡಿದ ತಳಿಯನ್ನು ಮಾರಾಟಕ್ಕೆ ಬಿಡಬೇಕಾದರೂ ಪರವಾನಗಿಯ ಮಾತು ಬರುತ್ತದೆ. ‘ಬೀಜ ಯಾರದ್ದು?’ ಎಂದು ಕೇಳುವವರನ್ನು ವಿಜ್ಞಾನ ವಿರೋಧಿಗಳು ಎಂದು ಬದಿಗೆ ತಳ್ಳುವುದು ಸರಿಯಲ್ಲ. ಅಂದಹಾಗೆ, ಇದು ಹೈಬ್ರಿಡ್ ಅಲ್ಲ. ಬೀಜ ಮಾಡಿ ಇಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಆ ಹಕ್ಕು ಕೊಟ್ಟಿದೆ.

ಇನ್ನು ಶಿರಸಿಯ ಭಾವ. ಅವರ ಪ್ರಶ್ನೆ ಚೆನ್ನಾಗಿದೆ, ಮನುಷ್ಯರಿಗೆ ಆಗಿದ್ದು ಅಡಿಕೆಗೆ ಯಾಕಾಗದು ಎಂಬುದು. ಮನುಷ್ಯರಿಗೆ ಆಗಿದ್ದೇನು ಎಂಬುದನ್ನೇ ಮೊದಲು ನೋಡೋಣ. ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್. ಮನುಷ್ಯನ ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಹಿಮೊಗ್ಲೋಬಿನ್ ಕೆಟ್ಟು, ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತಾಯಿ ತಂದೆ ಇಬ್ಬರಿಂದಲೂ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಅವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಇದಕ್ಕೆ ‘ಕ್ಯಾಸ್‌ಜೆವಿ’ ಎಂಬ ಚಿಕಿತ್ಸೆಯನ್ನು ಒಪ್ಪಿದವು. ಅಲ್ಲೂ ಕೆಟ್ಟ ಅಕ್ಷರವನ್ನು ಸರಿಪಡಿಸುವುದಿಲ್ಲ! ಮಗು ಗರ್ಭದಲ್ಲಿದ್ದಾಗ ಬೇರೊಂದು ಹಿಮೊಗ್ಲೋಬಿನ್ ಇರುತ್ತದೆ, ಹುಟ್ಟಿದ ಮೇಲೆ ಅದನ್ನು ನಿಲ್ಲಿಸುವ ಒಂದು ತಡೆಯಿದೆ. ರಕ್ತದ ಮೂಲಕೋಶಗಳನ್ನು ಹೊರತೆಗೆದು, ಆ ತಡೆಯನ್ನು ಕೆಡಿಸಿ, ಕೀಮೋ ಕೊಟ್ಟು ರೋಗಿಯ ಹಳೆಯ ಮಜ್ಜೆಯನ್ನು ಖಾಲಿ ಮಾಡಿ, ತಿದ್ದಿದ ಕೋಶಗಳನ್ನು ಮತ್ತೆ ಸೇರಿಸುತ್ತಾರೆ. ಗರ್ಭದ ಹಿಮೊಗ್ಲೋಬಿನ್ ಮತ್ತೆ ಶುರುವಾಗುತ್ತದೆ. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ದೆಹಲಿಯ ಸಿಎಸ್‌ಐಆರ್‌ನ ಜೀನೋಮಿಕ್ಸ್ ಸಂಸ್ಥೆ ಸ್ವದೇಶಿ ಚಿಕಿತ್ಸೆ ತಯಾರಿಸುವ ಕೆಲಸದಲ್ಲಿದೆ. ಕೆಟ್ಟ ಅಕ್ಷರವನ್ನೇ ಸರಿಪಡಿಸಿದ್ದೂ ಉಂಟು: 2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ಯಕೃತ್ತಿನ ಅಪರೂಪದ ಕಾಯಿಲೆಯಿದ್ದ ಒಂದೇ ಮಗುವಿಗಾಗಿ ಮದ್ದು ತಯಾರಿಸಿ ಕೊಟ್ಟರು. ಇವೆಲ್ಲ ಆ ವ್ಯಕ್ತಿಯ ದೇಹಕ್ಕೆ ಮಾತ್ರ, ಅವರ ಮಕ್ಕಳಿಗೆ ದಾಟುವುದಿಲ್ಲ. 2018ರಲ್ಲಿ ಚೀನಾದಲ್ಲಿ ಭ್ರೂಣವನ್ನೇ ತಿದ್ದಿ ಮಕ್ಕಳು ಹುಟ್ಟುವಂತೆ ಮಾಡಿದ ವಿಜ್ಞಾನಿ ಜೈಲಿಗೆ ಹೋದ.

ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ದೊಡ್ಡದು ಕೆಲವು ಹನಿ ರಕ್ತದ ಪರೀಕ್ಷೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಬುಡಕಟ್ಟು ಊರುಗಳಲ್ಲಿ ನಡೆಯುವ ಶಿಬಿರಕ್ಕೆ ಯಾರಾದರೂ ಹೋಗಲೋ ಬೇಡವೋ ಎಂದು ಕೇಳಿದರೆ ಹೋಗಿ ಎನ್ನಿ. ವಾಹಕರೆಂದು ಬಂದ ಕಾರ್ಡನ್ನು ರೋಗದ ಕಾರ್ಡೆಂದು ತಿಳಿದು ಹೆಣ್ಣು ಗಂಡಿನ ಸಂಬಂಧ ಮುರಿಯುವುದು ಮಾತ್ರ ಬೇಡ.

ಈಗ ಅಡಿಕೆ. ಸಿಕಲ್ ಸೆಲ್‌ನಲ್ಲಿ ಯಾವ ಜೀನ್, ಯಾವ ಅಕ್ಷರ ಎಂಬುದು ದಶಕಗಳ ಹಿಂದೆಯೇ ಗೊತ್ತಿತ್ತು. ಎಲೆಚುಕ್ಕಿಯಲ್ಲಿ ಯಾವ ಜೀನನ್ನು ಕೆಡಿಸೋಣ, ಭಾವನನ್ನೇ ಕೇಳಿ. ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಎಲೆಯೊಳಗೆ ಹೋಗಲು ಅಡಿಕೆಯ ಯಾವ ಜೀನ್ ದಾರಿ ಮಾಡಿಕೊಡುತ್ತದೆ ಎಂದು ಗೊತ್ತಾಗದೆ ಕತ್ತರಿ ಹಿಡಿದು ಏನು ಮಾಡುವುದು? ಅಡಿಕೆಯ ಡಿಎನ್‌ಎ ಓದಿ ಆಗಿದೆ, ಭತ್ತದ್ದಕ್ಕಿಂತ ಅನೇಕ ಪಟ್ಟು ದೊಡ್ಡದು. ಓದುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ. ಗೊತ್ತಾಯಿತೆಂದೇ ಇಟ್ಟುಕೊಳ್ಳಿ: ತಿದ್ದಿದ ಒಂದು ಕೋಶದಿಂದ ಪೂರ್ತಿ ಮರ ಎಬ್ಬಿಸಬೇಕು. ಭತ್ತದಲ್ಲಿ ಇದು ನಿತ್ಯದ ಕೆಲಸ, ತಾಳೆ ಜಾತಿಯ ಮರಗಳಲ್ಲಿ ಹರಸಾಹಸ. ಎದ್ದ ಸಸಿ ಫಸಲು ಕೊಡಲು ಐದಾರು ವರ್ಷ. ಒಂದು ಪೀಳಿಗೆ ಪರೀಕ್ಷಿಸುವಷ್ಟರಲ್ಲಿ ಭತ್ತದಲ್ಲಿ ಹತ್ತು ಪೀಳಿಗೆ ಮುಗಿದಿರುತ್ತದೆ.

ಅಡಿಕೆಗೆ ಕೈಗೆಟುಕುವ ಜೈವಿಕ ತಂತ್ರಜ್ಞಾನ ಬೇರೆ ಇದೆ. ಹಳದಿ ಎಲೆ ರೋಗದಿಂದ ತೋಟಕ್ಕೆ ತೋಟವೇ ಹೋದ ಕಡೆ ಒಂದೊಂದು ಮರ ಹಸಿರಾಗಿ ನಿಂತಿರುತ್ತದೆ. ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು ಅಂಥ ಮರಗಳನ್ನು ಗುರುತಿಸಿ, ಎಳೆಯ ಹಿಂಗಾರದ ಚೂರಿನಿಂದ ಅಂಗಾಂಶ ಕೃಷಿಯಲ್ಲಿ ಸಸಿ ಮಾಡುವ ಕ್ರಮ ರೂಪಿಸಿದ್ದಾರೆ. ಯಾವ ಜೀನಿನಿಂದ ಆ ಮರ ಉಳಿಯಿತು ಎಂದು ತಿಳಿಯಬೇಕಾಗಿಯೇ ಇಲ್ಲ, ಮರವನ್ನೇ ಪ್ರತಿ ಮಾಡಿದರಾಯಿತು. ಭಾವನ ತೋಟದ ಸುತ್ತ ಎಲೆಚುಕ್ಕಿ ಹರಡಿದಾಗಲೂ ವರ್ಷ ವರ್ಷ ಸ್ವಚ್ಛವಾಗಿ ಉಳಿಯುವ ಮರವಿದ್ದರೆ ಬಣ್ಣ ಬಳಿದು ಗುರುತು ಮಾಡಲಿ, ತೋಟಗಾರಿಕೆ ಕಾಲೇಜಿನವರಿಗೆ ತೋರಿಸಲಿ. ಈ ವರ್ಷದ ರೋಗಕ್ಕೆ ಮಾತ್ರ ಸೋಂಕಿದ ಸೋಗೆ ಕತ್ತರಿಸಿ ಸುಡುವುದು, ಹೊತ್ತಿಗೆ ಸರಿಯಾಗಿ ಔಷಧಿ ಹೊಡೆಯುವುದು, ಪೊಟ್ಯಾಷ್ ಕೊರತೆ ಆಗದಂತೆ ನೋಡುವುದು, ಇಷ್ಟೇ.

ಕಾಳುಮೆಣಸಿನ ಸೊರಗು ರೋಗಕ್ಕೆ ಮಲೆನಾಡಿನವರು ಏನು ಮಾಡಿದರು ಭಾವನಿಗೆ ಗೊತ್ತಿದ್ದೇ ಇದೆ. ಅಮೆಜಾನ್ ಕಡೆಯಿಂದ ಬಂದ ಕಾಡು ಹಿಪ್ಪಲಿಗೆ ಆ ರೋಗ ತಗಲುವುದಿಲ್ಲ, ನೀರು ನಿಂತರೂ ಕೊಳೆಯುವುದಿಲ್ಲ. ಮೆಣಸಿನ ಜೊತೆ ಅಡ್ಡ ತಳಿ ಮಾಡಲು ಒಗ್ಗುವುದಿಲ್ಲ. ಹಿಪ್ಪಲಿಯ ಬೇರಿನ ಮೇಲೆ ಮೆಣಸಿನ ಕಸಿ ಕಟ್ಟಿದರು. ಕೆಲವು ವರ್ಷಗಳ ಮೇಲೆ ಗಂಟಿನ ಜಾಗದಲ್ಲಿ ತೊಂದರೆ ಬರುವುದುಂಟು, ಬೇಸಿಗೆಯಲ್ಲಿ ನೀರು ತಪ್ಪುವಂತಿಲ್ಲ. ಆದರೂ ನೀರು ನಿಲ್ಲುವ ತೋಟದಲ್ಲಿ ಇಂದಿಗೂ ಇದಕ್ಕೆ ಸಾಟಿಯಾದ ಪ್ರಯೋಗಾಲಯದ ಮೆಣಸು ಬಂದಿಲ್ಲ.

ದನಗಳ ವಿಷಯ ನೀವು ಕೇಳಿಲ್ಲ, ಒಂದೆರಡು ಮಾತು. ಸೆಕೆ ತಾಳಲೆಂದು ರೋಮ ಗಿಡ್ಡವಾಗುವಂತೆ ಜೀನ್ ತಿದ್ದಿದ ದನಗಳಿಗೆ ಅಮೆರಿಕ 2022ರಲ್ಲಿ ಹಸಿರು ನಿಶಾನೆ ಕೊಟ್ಟಿತು. ಅಲ್ಲೂ ಒಂದು ಜೀನನ್ನು ಮೊಟಕು ಮಾಡಿದ್ದು. ಮಲೆನಾಡು ಗಿಡ್ಡ ಸಾಕಿದವರಿಗೆ ಇದರಿಂದ ಹೊಸದಾಗಿ ಸಿಗುವುದೇನೂ ಇಲ್ಲ. ಹೆಣ್ಣು ಕರುವೇ ಬೇಕೆನ್ನುವವರಿಗೆ ಲಿಂಗ ವಿಂಗಡಿಸಿದ ವೀರ್ಯದ ಇಂಜೆಕ್ಷನ್ ಬಂದಿದೆಯಲ್ಲ, ಅದು ಜೀನ್ ತಿದ್ದುವ ಕೆಲಸವಲ್ಲ. ಹೆಣ್ಣು ಕರು ಕೊಡುವ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ 4ರಷ್ಟು ಹೆಚ್ಚಿರುತ್ತದೆ, ಬಣ್ಣ ಹಾಕಿ ಲೇಸರ್ ಬೆಳಕಿನಲ್ಲಿ ಆ ವ್ಯತ್ಯಾಸ ನೋಡಿ ಬೇರೆ ಮಾಡುತ್ತಾರೆ.

ನಿಮ್ಮ ಗಜನಿಯಲ್ಲಿ ಭತ್ತದ ನಂತರ ಶೆಟ್ಲಿ ಬಿಡುವುದಾದರೆ ಅಲ್ಲಿಯೂ ಬಿಳಿಚುಕ್ಕಿ ರೋಗಕ್ಕೆ ಮದ್ದಿಲ್ಲ. ಮರಿ ತರುವ ಮೊದಲು ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ, ವೈರಸ್ ಇಲ್ಲ ಎಂಬ ವರದಿ ಕೈಯಲ್ಲಿ ಹಿಡಿದೇ ಹಣ ಕೊಡಿ.

ಕಗ್ಗದ ವಿಷಯದಲ್ಲಿ ಈ ವರ್ಷವೇ ಮಾಡಬಹುದಾದ ಕೆಲಸ ಇದೆ. ಹೊಸ ಭತ್ತದ ಬೀಜ ಮುಂದೆ ಅಧಿಕೃತವಾಗಿ ಸಿಕ್ಕರೆ ಗಜನಿಯ ಮೇಲಂಚಿನಲ್ಲಿ, ನೀರು ನಿಲ್ಲದ ಒಂದು ತುಂಡಿನಲ್ಲಿ ಮಾತ್ರ ಹಾಕಿ, ಪಕ್ಕದಲ್ಲೇ ಕಗ್ಗವನ್ನೂ ಹಾಕಿ ತೂಗಿ ನೋಡಿ. ಬಿತ್ತುವ ಮುಂಚೆ ಮಣ್ಣಿನ ಉಪ್ಪು ಅಳೆಸಿ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಎಲ್ಲಿ ಅಳೆಸಬೇಕೆಂದು ಹೇಳುತ್ತಾರೆ. ಅಕ್ಟೋಬರಿನಲ್ಲಿ ಕೊಯ್ಲಿಗೆ ಮೊದಲು ಅಪ್ಪನನ್ನೇ ಕರೆದುಕೊಂಡು ಗದ್ದೆಗಿಳಿಯಿರಿ. ಅತಿ ತಗ್ಗಿನ, ಅತಿ ಉಪ್ಪಿನ ಮೂಲೆಯಲ್ಲಿ ತುಂಬಿ ನಿಂತ ತೆನೆಗಳನ್ನು ಅವರೇ ಆರಿಸಲಿ. ಕರಿ, ಬಿಳಿ ಬೇರೆ ಬೇರೆ ಕಟ್ಟಿ ಒಣಗಿಸಿ, ಯಾವ ಮೂಲೆಯದು ಎಂದು ಚೀಟಿ ಬರೆದಿಡಿ. ಯಾರಾದರೂ ಸಂಶೋಧನೆಗೆ ಬೀಜ ಕೇಳಿದರೆ ಕೊಡಿ, ಆದರೆ ಬಾಯಿಮಾತಿನಲ್ಲಿ ಬೇಡ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ದಾಖಲಾಗಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಆ ಸಮಿತಿ ಇರಲೇಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದು ಕಾಗದದ ಮೇಲೆ ಮಾತ್ರ ಇದ್ದರೆ, 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂಬುದನ್ನು ನೆನಪಿಸಿ, ಸಭೆ ಕರೆಯಿರಿ ಎಂದು ಅರ್ಜಿ ಕೊಡಿ.